ಉದ್ದಕ್ಕೆ ಹೋಗುವವರು, ಅಡ್ಡ ದಾಟುವವರು

(ಬೆಂಗಳೂರು–ಮೈಸೂರು ಹೆದ್ದಾರಿಯ ಬಗ್ಗೆ ಮಂಡ್ಯದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಎರಡು ಪ್ರಶ್ನೆ ಕೇಳುತ್ತೇನೆ. ಈ ತಿಂಗಳಲ್ಲಿ ನಿಮ್ಮಲ್ಲಿ ಎಷ್ಟು ಜನ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗಿದ್ದೀರಿ? ಹೆಚ್ಚುಕಮ್ಮಿ ಎಲ್ಲರ ಕೈಯೂ ಮೇಲಿದೆ. ಸರಿ. ಅದೇ ಹೆದ್ದಾರಿಯನ್ನು ಈ ಕಡೆಯಿಂದ ಆ ಕಡೆಗೆ ನಡೆದು ದಾಟಿದವರು ಎಷ್ಟು ಜನ? ಹಿಂದಿನ ಸಾಲಿನಲ್ಲಿ ನಾಲ್ಕೈದು ಕೈ ಕಾಣಿಸುತ್ತಿವೆ. ಹಳ್ಳಿಯಿಂದ ಬಂದವರಿರಬೇಕು.

ನನ್ನ ಇವತ್ತಿನ ಮಾತು ಆ ನಾಲ್ಕೈದು ಕೈಗಳ ಬಗ್ಗೆ. ರಸ್ತೆ ಅಂದ ಕೂಡಲೇ ನಮಗೆ ಉದ್ದಕ್ಕೆ ಹೋಗುವವರು ನೆನಪಾಗುತ್ತಾರೆ. ಎಷ್ಟು ಗಂಟೆಗೆ ಹೊರಟೆ, ಎಷ್ಟು ಗಂಟೆಗೆ ತಲುಪಿದೆ, ಟೋಲ್ ಎಷ್ಟು ಕಟ್ಟಿದೆ ಅಂತ. ಆದರೆ ಪ್ರತಿ ರಸ್ತೆಗೂ ಅಡ್ಡ ದಾಟುವವರೂ ಇರುತ್ತಾರೆ. ಹೊಲಕ್ಕೆ ಹೋಗುವ ರೈತ, ಆ ಬದಿಯ ಶಾಲೆಗೆ ಹೋಗುವ ಮಗು, ಮೇವಿಗೆ ಹೊರಟ ದನ, ಹಳ್ಳದ ನೀರು, ಎಲ್ಲರೂ ಅಡ್ಡ ದಾಟುವವರೇ. ಈ ರಸ್ತೆಯ ಇನ್ನೂರು ಚಿಲ್ಲರೆ ವರ್ಷದ ಕಥೆಯನ್ನು ಇವರ ಕಡೆಯಿಂದಲೂ ನೋಡೋಣ ಅಂತ ನನ್ನ ಆಸೆ.

ಮೊದಲು ದಾರಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಕೆಂಗೇರಿ, ಕುಂಬಳಗೋಡು, ಬಿಡದಿ, ರಾಮನಗರ, ಚನ್ನಪಟ್ಟಣ, ನಿಡಘಟ್ಟ, ಮದ್ದೂರು, ಗೆಜ್ಜಲಗೆರೆ, ಮಂಡ್ಯ, ಇಂಡುವಾಳು, ತೂಬಿನಕೆರೆ, ಗಣಂಗೂರು, ಶ್ರೀರಂಗಪಟ್ಟಣ, ಮೈಸೂರು. ಕೆಂಪು ಬಸ್ಸಲ್ಲಿ ಓಡಾಡಿದ ನಮ್ಮಂಥವರಿಗೆ ಇದು ಬಾಯಿಪಾಠ. ಕಣ್ಣು ಮುಚ್ಚಿ ಕೂತಿದ್ದರೂ ಯಾವ ಊರು ಬಂತು ಅಂತ ಗೊತ್ತಾಗುತ್ತಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಲ್ಲಿ ವಡೆ, ಮಂಡ್ಯ ಹತ್ತಿರ ಆಲೆಮನೆ ಬೆಲ್ಲದ ವಾಸನೆ.

ಇನ್ನೊಂದು ಪಟ್ಟಿ ಇದೆ, ಅದನ್ನು ಯಾವ ಕಂಡಕ್ಟರೂ ಕೂಗುವುದಿಲ್ಲ. ವೃಷಭಾವತಿ, ಅರ್ಕಾವತಿ, ಕಣ್ವ, ಶಿಂಷಾ, ಲೋಕಪಾವನಿ, ಕೊನೆಗೆ ಕಾವೇರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ರಸ್ತೆ ಅಲ್ಲಿಂದ ಇಳಿಯುತ್ತಾ ಇಳಿಯುತ್ತಾ ಮದ್ದೂರಿನ ಶಿಂಷಾ ಬಯಲಿಗೆ ಬರುತ್ತದೆ. ಆಮೇಲೆ ಕಾವೇರಿ ದಾಟಿ ಮತ್ತೆ ಮೈಸೂರಿನ ಏರು ಹತ್ತುತ್ತದೆ. ಶಿಂಷಾವರೆಗಿನ ಹೊಳೆಗಳೆಲ್ಲ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತವೆ, ರಸ್ತೆ ಅವನ್ನು ಒಂದೊಂದಾಗಿ ಕತ್ತರಿಸಿಕೊಂಡು ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿ ದಾರಿ ಹುಟ್ಟಿದ್ದು ಯಾವಾಗ ಅಂತ ಕೇಳಿದರೆ ಒಂದು ತಾರೀಕು ಹೇಳಲು ಆಗುವುದಿಲ್ಲ. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದ ಕಾಲದಲ್ಲಿ ಗಾಡಿಜಾಡುಗಳು ಇದ್ದೇ ಇದ್ದವು. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಸೇನೆ ತಂದ. ದಾರಿ ಕಾಯುತ್ತಿದ್ದ ರಾಮಗಿರಿಯಂಥ ಬೆಟ್ಟದ ಕೋಟೆಗಳು ಬ್ರಿಟಿಷರ ಕೈಗೆ ಹೋದವು. ಟಿಪ್ಪು ಸತ್ತ ಮೇಲೆ ಆ ಬೆಟ್ಟಗಳ ಬುಡದಲ್ಲಿ ಒಂದು ಊರು ಬೆಳೆಯಿತು. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಲ್ಲಿ ಅದಕ್ಕೆ ಕ್ಲೋಸ್‌ಪೇಟೆ ಅಂತ ಹೆಸರಿಟ್ಟರು. ಅದೇ ಇವತ್ತಿನ ರಾಮನಗರ.

ಶ್ರೀರಂಗಪಟ್ಟಣದಲ್ಲಿ ನೀವು ನೋಡಲೇಬೇಕಾದ ಒಂದು ಸೇತುವೆ ಇದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದದ್ದು. ಗವರ್ನರ್ ಜನರಲ್ ವೆಲ್ಲೆಸ್ಲಿ ಹೆಸರು ಅದಕ್ಕೆ. ನೀರು ಕಡಿಮೆ ಇರುವ ದಿನ ಕೆಳಗಿಳಿದು ನೋಡಿ. ಕಮಾನು ಇಲ್ಲ. ಒರಟಾಗಿ ಕಡಿದ ಕಲ್ಲುಕಂಬಗಳನ್ನು ಹೊಳೆಯಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ, ಅದರ ಮೇಲೆ ಉದ್ದನೆ ಕಲ್ಲುತೊಲೆಗಳು. ಕಂಬಗಳ ನಡುವೆ ಹೊಳೆ ತನ್ನ ಪಾಡಿಗೆ ಹರಿಯುತ್ತದೆ. ಪ್ರವಾಹ ಬಂದಾಗ ಸೇತುವೆಯ ಮೇಲೂ ಹರಿದು ಹೋದದ್ದಿದೆ. ಇನ್ನೂರು ವರ್ಷ ದಾಟಿದೆ, ಇನ್ನೂ ನಿಂತಿದೆ. ಕಟ್ಟಿದವರಿಗೆ ನೀರಿನ ದಾರಿ ಗೊತ್ತಿತ್ತು ಅಂತ ಆ ಕಂಬಗಳ ಪಕ್ಕ ನಿಂತಾಗಲೆಲ್ಲ ನನಗೆ ಅನ್ನಿಸುತ್ತದೆ.

1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡರು. ಕಚೇರಿಗಳೆಲ್ಲ ಬೆಂಗಳೂರಿಗೆ ಹೋದವು, ಅರಮನೆ ಮೈಸೂರಲ್ಲೇ ಉಳಿಯಿತು. ಅಲ್ಲಿಂದ ಈ ಎರಡು ಊರುಗಳ ನಡುವೆ ಓಡಾಟ ಜಾಸ್ತಿಯಾಯಿತು. ಕಮಿಷನರ್ ಮಾರ್ಕ್ ಕಬ್ಬನ್ ಇದ್ದ ಕಾಲದಲ್ಲಿ, ಅಂದರೆ 1834ರಿಂದ 1861ರವರೆಗೆ, ಮೈಸೂರು ಸೀಮೆಯಲ್ಲಿ ಸುಮಾರು 1,600 ಮೈಲಿ ರಸ್ತೆ ಆಯಿತು. ಆಮೇಲೆ 1876–78ರ ದೊಡ್ಡ ಬರ ಬಂತು. ಹಸಿದವರಿಗೆ ಕೆಲಸ ಕೊಡಬೇಕು ಅಂತ ಶುರು ಮಾಡಿದ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲು ದಾರಿಯೂ ಒಂದು. 1882ಕ್ಕೆ ರೈಲು ಮೈಸೂರು ಮುಟ್ಟಿತು. ಮದ್ದೂರು ವಡೆಗೆ ಹೆಸರು ಬಂದದ್ದೂ ರೈಲ್ವೆ ಸ್ಟೇಷನ್ನಿನಲ್ಲೇ, ರಸ್ತೆ ಬದಿಗೆ ಅದು ಆಮೇಲೆ ಬಂತು.

ನಮ್ಮ ಜಿಲ್ಲೆಯ ರಸ್ತೆಗೆ ಅದರ ಸ್ವಭಾವ ಕೊಟ್ಟದ್ದು ಮಾತ್ರ ಕಬ್ಬು. ಕೃಷ್ಣರಾಜಸಾಗರದ ನಾಲೆ ನೀರು ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಯಿತು, 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು. ಕಬ್ಬು ಅರೆಯುವ ಕಾಲ ಬಂತೆಂದರೆ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ನಾನು ಚಿಕ್ಕವನಿದ್ದಾಗ ನಮ್ಮಪ್ಪನ ಗಾಡಿಯಲ್ಲಿ ಕಬ್ಬಿನ ಮೇಲೆ ಕೂತು ರಾತ್ರಿ ಹೊತ್ತು ಮಂಡ್ಯಕ್ಕೆ ಹೋದದ್ದಿದೆ. ನೊಗದ ಕೆಳಗೆ ಒಂದು ಲಾಟೀನು ತೂಗುತ್ತಿತ್ತು. ಎದುರಿಗೆ ಲಾರಿ ಬಂದರೆ ಅಪ್ಪ ಎತ್ತುಗಳನ್ನು ಮಣ್ಣಿನ ಅಂಚಿಗೆ ಇಳಿಸುತ್ತಿದ್ದರು. ಲಾರಿಯವನೂ ವೇಗ ಕಡಿಮೆ ಮಾಡುತ್ತಿದ್ದ. ಎರಡೂ ಬದಿಗೆ ಸಾಲುಮರ. ಒಂದೇ ಟಾರು ಪಟ್ಟಿ, ಅದರ ಮೇಲೆ ಎಲ್ಲರೂ. ಅಪಘಾತ ಆಗುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆಗುತ್ತಿದ್ದವು, ಭೀಕರವಾಗಿಯೇ ಆಗುತ್ತಿದ್ದವು. ಆದರೆ ದಾಟುವುದು ಅನ್ನೋದು ಆಗ ಒಂದು ಸಮಸ್ಯೆಯೇ ಆಗಿರಲಿಲ್ಲ. ಎಡಕ್ಕೆ ಬಲಕ್ಕೆ ನೋಡು, ನಡಿ. ಅಷ್ಟೇ.

ಈ ರಸ್ತೆಗೆ ಆಗ ರಾಜ್ಯ ಹೆದ್ದಾರಿ 17 ಅಂತ ಹೆಸರು. ಬೆಂಗಳೂರು ಬೆಳೆದ ಹಾಗೆ ಎರಡು ಪಥ ಸಾಲದಾಯಿತು. ಎಸ್.ಎಂ. ಕೃಷ್ಣ ಅವರು 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದರು. ಅವರ ಹುಟ್ಟೂರು ಸೋಮನಹಳ್ಳಿ ಇರುವುದು ಇದೇ ರಸ್ತೆಯಲ್ಲಿ, ಮದ್ದೂರು ತಾಲ್ಲೂಕಿನಲ್ಲಿ. ಅದೇ ದಶಕದಲ್ಲಿ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮದ ಮೂಲಕ ನಾಲ್ಕು ಪಥ ಆಯಿತು. ನಡುವೆ ಡಿವೈಡರ್ ಬಂತು.

ಆ ಡಿವೈಡರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಎದುರುಬದುರು ಡಿಕ್ಕಿ ತಪ್ಪಿಸಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ರಾತ್ರಿ ಓವರ್‌ಟೇಕ್ ಮಾಡಲು ಹೋಗಿ ಎದುರಿನ ಲಾರಿಗೆ ಸಿಕ್ಕಿ ಸತ್ತವರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಅಂಥ ಸಾವುಗಳನ್ನು ಡಿವೈಡರ್ ತಡೆಯುತ್ತದೆ. ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅವತ್ತಿನಿಂದ ಒಂದು ಊರಿನ ಒಳಗೇ ಈ ಕಡೆ, ಆ ಕಡೆ ಅನ್ನೋದು ಶುರುವಾಯಿತು. ಎದುರಿಗೆ ಕಾಣುವ ಅಂಗಡಿಗೆ ಗಾಡಿಯಲ್ಲಿ ಹೋಗಲು ಯೂ-ಟರ್ನ್ ಹುಡುಕಬೇಕು. ಜನ ಏನು ಮಾಡಿದರು? ಡಿವೈಡರ್ ಹತ್ತಿ ಇಳಿದರು. ಕೆಲವು ಕಡೆ ಕಲ್ಲು ಕಿತ್ತು ಬೈಕ್ ತೂರುವಷ್ಟು ಜಾಗ ಮಾಡಿಕೊಂಡರು. ಹಾಗೆ ದಾಟುವಾಗ ಯಾರಾದರೂ ಸತ್ತರೆ ಊರಿಗೆ ಊರೇ ರಸ್ತೆಗೆ ಬಂದು ಕೂರುತ್ತಿತ್ತು. ಬೇಡಿಕೆ ಒಂದೇ, ಹಂಪ್ ಹಾಕಿ. ಹಂಪ್ ಬೀಳುತ್ತಿತ್ತು. ಹೀಗೆ ಬೆಂಗಳೂರಿಂದ ಮೈಸೂರಿನವರೆಗೆ ಹಂಪ್‌ಗಳ ಸಾಲೇ ಆಯಿತು. ಕಾರಿನಲ್ಲಿ ಹೋಗುವವರು ಅವನ್ನು ಎಷ್ಟು ಬೈಯುತ್ತಿದ್ದರು, ನೆನಪಿದೆ ಅಲ್ವಾ? ನನಗೆ ಮಾತ್ರ ಪ್ರತಿ ಹಂಪ್‌ನಲ್ಲೂ ಇಲ್ಲಿ ಯಾರು ಸತ್ತರೋ ಅನ್ನೋ ಯೋಚನೆ ಬರುತ್ತಿತ್ತು.

ನಡುವೆ ಇನ್ನೊಂದು ಕಥೆ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಹಳೆ ರಸ್ತೆ ಬಿಟ್ಟು ಹೊಸದಾಗಿ ಒಂದು ಎಕ್ಸ್‌ಪ್ರೆಸ್‌ವೇ, ಅದರ ಉದ್ದಕ್ಕೂ ಹೊಸ ಉಪನಗರಗಳು, ಹೀಗೊಂದು ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಗೆ ಸರ್ಕಾರ 1997ರಲ್ಲಿ ಒಪ್ಪಂದ ಮಾಡಿಕೊಂಡಿತು. 111 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ ಆಗಬೇಕಿತ್ತು. ಬೆಂಗಳೂರು ಸುತ್ತಿನ ವರ್ತುಲ ರಸ್ತೆ ಆಯಿತು, ಮೈಸೂರಿನವರೆಗಿನ ರಸ್ತೆ ಆಗಲಿಲ್ಲ. ಜಮೀನು, ಕೋರ್ಟು, ರಾಜಕೀಯ ಅಂತ ಕಾಲ ಹೋಯಿತು.

ಆಗ ಹಳೆ ರಸ್ತೆಯ ಕಡೆಗೇ ಮತ್ತೆ ಎಲ್ಲರೂ ತಿರುಗಿದರು. ಅದು ರಾಷ್ಟ್ರೀಯ ಹೆದ್ದಾರಿ 275 ಆಯಿತು. ಬೆಂಗಳೂರಿಂದ ಮೈಸೂರು, ಹುಣಸೂರು, ಮಡಿಕೇರಿ, ಸುಳ್ಯ ಹಾದು ಬಂಟ್ವಾಳದವರೆಗೆ ಅದೇ ನಂಬರು. ಬೆಂಗಳೂರು–ಮೈಸೂರು ಭಾಗವನ್ನು ಹತ್ತು ಪಥ ಮಾಡುವ ಕೆಲಸಕ್ಕೆ 2018ರಲ್ಲಿ ಶಂಕುಸ್ಥಾಪನೆ ಆಯಿತು. 2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲೇ ಉದ್ಘಾಟನೆ. 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ. ಕೆಲಸವನ್ನು ನಿಡಘಟ್ಟದ ಹತ್ತಿರ ಎರಡು ಭಾಗ ಮಾಡಿದ್ದರು.

ಹತ್ತು ಪಥ ಅಂದರೆ ನಡುವೆ ಆರು ಪಥದ ಮುಖ್ಯ ರಸ್ತೆ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ, ಮಧ್ಯೆ ಬೇಲಿ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಹೀಗೆ ಐದು ಬೈಪಾಸ್. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಇದು ಸಣ್ಣ ವಿಷಯ ಅಲ್ಲ. ಮಂಡ್ಯದಿಂದ ಬೆಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಕರೆದುಕೊಂಡು ಹೋದವರಿಗೆ ಅದರ ಬೆಲೆ ಗೊತ್ತು. ನನ್ನ ಅಣ್ಣನಿಗೆ ಎದೆನೋವು ಬಂದ ರಾತ್ರಿ ನಾನು ಇದೇ ರಸ್ತೆಯಲ್ಲಿ ಹೋಗಿದ್ದೇನೆ. ಹಳೆ ರಸ್ತೆಯಾಗಿದ್ದರೆ ಅವತ್ತು ಏನಾಗುತ್ತಿತ್ತೋ.

ಹಾಗಂತ ಆದದ್ದನ್ನು ಹೇಳದೆ ಇರುವುದಕ್ಕೂ ಆಗಲ್ಲ. ಎಲ್ಲರೂ ಇದನ್ನು ಎಕ್ಸ್‌ಪ್ರೆಸ್‌ವೇ ಅಂತ ಕರೆದರು, ಹಾಗೆಯೇ ಓಡಿಸಿದರು. ಲೆಕ್ಕಕ್ಕೆ ಇದು ಪ್ರವೇಶ ನಿಯಂತ್ರಣ ಇರುವ ರಾಷ್ಟ್ರೀಯ ಹೆದ್ದಾರಿ. ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಆದರೆ ಅದೇ ರಸ್ತೆಯಲ್ಲಿ 130ರಲ್ಲಿ ಕಾರು, 40ರಲ್ಲಿ ಟ್ರ್ಯಾಕ್ಟರು, ಬೇಲಿ ಹಾರಿ ದಾಟುವ ಮನುಷ್ಯ, ಮೂವರೂ ಒಟ್ಟಿಗೆ ಇದ್ದರು. ಪೊಲೀಸರು ಕೊಟ್ಟ ಲೆಕ್ಕದ ಪ್ರಕಾರ 2023ರ ಮೇ ತಿಂಗಳಲ್ಲಿ 29 ಸಾವು, ಜೂನ್‌ನಲ್ಲಿ 28. ದಿನಕ್ಕೊಂದು ಹೆಣ ಅಂದ ಹಾಗೆ. ಆಮೇಲೆ ಹಿರಿಯ ಪೊಲೀಸ್ ಅಧಿಕಾರಿ, ಎಡಿಜಿಪಿ ಅಲೋಕ್ ಕುಮಾರ್ ಅವರೇ ಬಂದು ರಸ್ತೆ ನೋಡಿದರು. ಸ್ಪೀಡ್ ಗನ್ ಹಿಡಿದು ಪೊಲೀಸರು ನಿಂತರು, ದಂಡ ಹಾಕಿದರು. ಜುಲೈನಲ್ಲಿ ಸಾವು 8ಕ್ಕೆ ಇಳಿಯಿತು. ರಸ್ತೆ ಅದೇ, ಜನ ಅವರೇ. ವೇಗಕ್ಕೆ ಕಡಿವಾಣ ಹಾಕಿದ್ದಕ್ಕೇ ಇಪ್ಪತ್ತು ಜೀವ ಉಳಿಯಿತು. ಇಲ್ಲಿ ಕೂತಿರುವ ಹುಡುಗರಿಗೆ ನಾನು ಇವತ್ತು ಹೇಳುತ್ತಿರುವ ಅಂಕಿಗಳಲ್ಲಿ ಇದೊಂದನ್ನು ಬರೆದುಕೊಳ್ಳಿ ಅಂತ ಕೇಳುತ್ತೇನೆ.

2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಗೆ ಬಿಡುವುದು ನಿಂತಿತು. ಸುರಕ್ಷತೆ ದೃಷ್ಟಿಯಿಂದ ಸರಿ. ಆದರೆ ಅವರೆಲ್ಲ ಸರ್ವಿಸ್ ರಸ್ತೆಗೆ ಇಳಿದಾಗ, ಆ ಸರ್ವಿಸ್ ರಸ್ತೆ ಎಲ್ಲಾ ಕಡೆ ಒಂದೇ ಸಮನೆ ಇರಲಿಲ್ಲ. ಹೊಳೆ ಬಂದ ಕಡೆ, ರೈಲು ದಾರಿ ಬಂದ ಕಡೆ ತುಂಡಾಗುತ್ತಿತ್ತು. ಮುಖ್ಯ ರಸ್ತೆಗೆ ಸೇತುವೆ ಇತ್ತು, ಪಕ್ಕದ ರಸ್ತೆಗೆ ಇರಲಿಲ್ಲ. ದೊಡ್ಡ ಗಾಡಿಗೆ ಮೊದಲು ಕಟ್ಟಿ, ಸಣ್ಣ ಗಾಡಿಗೆ ಆಮೇಲೆ ನೋಡೋಣ ಅನ್ನುವ ಲೆಕ್ಕಾಚಾರ ಇದು. ಇದನ್ನು ನಾನು ಒಪ್ಪುವುದಿಲ್ಲ. ಮುಖ್ಯ ರಸ್ತೆಯಿಂದ ಬೈಕನ್ನು ಕೆಳಗಿಳಿಸುವ ಮುಂಚೆ ಬೈಕಿನ ದಾರಿ ಪೂರ್ತಿ ಆಗಿರಬೇಕಿತ್ತು.

ಈಗ ನೀರಿನ ವಿಷಯ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. 2022ರ ಆಗಸ್ಟ್ ಕೊನೆಯಲ್ಲಿ ಭಾರಿ ಮಳೆಗೆ ರಾಮನಗರದ ಹತ್ತಿರ ಹೆದ್ದಾರಿ ಮುಳುಗಿತು. ಬಸ್ಸು ಕಾರುಗಳು ನೀರಲ್ಲಿ ನಿಂತವು. 2023ರಲ್ಲಿ ಉದ್ಘಾಟನೆಯಾಗಿ ಒಂದು ವಾರವೂ ಆಗಿರಲಿಲ್ಲ, ಬೇಸಿಗೆಯ ಮಳೆಗೆ ರಾಮನಗರ ಹತ್ತಿರದ ಸಂಗಬಸವನದೊಡ್ಡಿ ಬಳಿ ಮತ್ತೆ ನೀರು ನಿಂತಿತು. ಆಗ ಹೆದ್ದಾರಿ ಪ್ರಾಧಿಕಾರ ಒಂದು ವಿವರಣೆ ಕೊಟ್ಟಿತು. ಪ್ರಾಣಿಗಳು ದಾಟಲೆಂದು ಅಲ್ಲಿ ದಾರಿ ಬಿಟ್ಟಿದ್ದರು, ಪಕ್ಕದಲ್ಲಿ ಚರಂಡಿ ಇತ್ತು. ಹಳ್ಳಿಯವರು ಊರಿಗೆ ಹತ್ತಿರದ ದಾರಿ ಬೇಕು ಅಂತ ಆ ಚರಂಡಿಗೆ ಸುಮಾರು ಮೂರು ಮೀಟರ್ ಅಗಲಕ್ಕೆ ಮಣ್ಣು ತುಂಬಿ ದಾರಿ ಮಾಡಿಕೊಂಡರು, ಅದರಿಂದ ನೀರು ಹೋಗಲು ಜಾಗ ಇಲ್ಲದೆ ರಸ್ತೆಗೆ ಬಂತು ಅಂತ.

ಪೇಪರಲ್ಲಿ ಅದನ್ನು ಓದಿದವರು ಹಳ್ಳಿಯವರನ್ನು ಬೈದರು. ನಾನು ಆ ಸುದ್ದಿಯನ್ನು ಎರಡು ಮೂರು ಸಲ ಓದಿದೆ. ಚರಂಡಿ ಮುಚ್ಚಿದ್ದು ತಪ್ಪೇ. ಆದರೆ ಒಬ್ಬ ರೈತ ಗಾಡಿಗಟ್ಟಲೆ ಮಣ್ಣು ತಂದು, ಬೆವರು ಸುರಿಸಿ, ಒಂದು ದಾರಿ ಮಾಡಿಕೊಳ್ಳುತ್ತಾನೆ ಅಂದರೆ ಅವನಿಗೆ ಆ ಜಾಗದಲ್ಲಿ ದಾರಿ ಬೇಕಾಗಿತ್ತು ಅಂತ ಅರ್ಥ. ನಕ್ಷೆ ಬರೆಯುವ ದಿನ ಅವನನ್ನು ಕೇಳಿದ್ದರೆ ಅವನು ಹೇಳುತ್ತಿದ್ದ. ಅಲ್ಲಿ ಉದ್ದಕ್ಕೆ ಹೋಗುವ ರಸ್ತೆ, ಅಡ್ಡ ಹೋಗುವ ಮನುಷ್ಯ, ಅಡ್ಡ ಹೋಗುವ ನೀರು ಮೂರೂ ಒಂದೇ ಜಾಗದಲ್ಲಿ ಸೇರಿದ್ದವು. ಜಾಗ ಮಾತ್ರ ಒಬ್ಬರಿಗೇ ಸಾಲುವಷ್ಟಿತ್ತು.

ಈ ಹೆದ್ದಾರಿಯಲ್ಲಿ ಒಟ್ಟು 64 ಅಂಡರ್‌ಪಾಸ್, 11 ಓವರ್‌ಪಾಸ್ ಇವೆ. ಕಡಿಮೆ ಏನಲ್ಲ. ಇವನ್ನು ಕಟ್ಟಿದವರಿಗೆ ನಾನು ಕೃತಜ್ಞ. ಹಂಪ್ ಕೇಳಿ ಧರಣಿ ಕೂತ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಮುನ್ನಡೆ. ನೀವು ಒಂದು ಸಂಜೆ ಯಾವುದಾದರೂ ಅಂಡರ್‌ಪಾಸ್ ಬಾಯಲ್ಲಿ ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ನಾನು ನಿಂತಿದ್ದೇನೆ. ತಲೆ ಮೇಲೆ ವಾಹನಗಳ ಗುಡುಗು, ಕೆಳಗೆ ಸ್ಕೂಲ್ ಬ್ಯಾಗ್ ಹಾಕಿಕೊಂಡ ಮಕ್ಕಳು. ಹುಲ್ಲಿನ ಹೊರೆ ಹೊತ್ತ ಒಬ್ಬ ಅಜ್ಜಿ ಒಂದು ಕೈಯಿಂದ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಒಳಗೆ ಕತ್ತಲೆ, ನೆಲದಲ್ಲಿ ಮೊನ್ನೆಯ ಮಳೆ ನೀರು. ಅದರಲ್ಲಿ ಯಾರೋ ಕಾಲಿಡಲು ಅಂತ ಸೈಜುಗಲ್ಲು ಹಾಕಿದ್ದರು, ಹೆಜ್ಜೆಗೊಂದರಂತೆ ಏಳು ಕಲ್ಲು. ಒಂದು ಹಸು ಬಾಯಲ್ಲೇ ನಿಂತು ಒಳಗೆ ಬರಲ್ಲ ಅಂತ ಹಟ ಹಿಡಿದಿತ್ತು. ಅದರ ಯಜಮಾನ ಹಗ್ಗ ಎಳೆಯಲಿಲ್ಲ. ಪಕ್ಕದಲ್ಲಿ ನಿಂತು ಕತ್ತು ಸವರುತ್ತಾ ಮಾತಾಡಿಸುತ್ತಿದ್ದ. ಆಮೇಲೆ ಅದು ನಿಧಾನಕ್ಕೆ ನಡೆಯಿತು. ಒಂದು ಲೈಟು, ಒಂದು ಸರಿಯಾದ ಚರಂಡಿ, ಇಷ್ಟೇ ಅಲ್ಲಿ ಬೇಕಾಗಿದ್ದದ್ದು.

ಬೈಪಾಸ್ ಬಗ್ಗೆಯೂ ಹೇಳಬೇಕು. ಚನ್ನಪಟ್ಟಣದ ಹಾಲೆ ಮರದ ಗೊಂಬೆ, ಅರಗಿನ ಬಣ್ಣ, ಟಿಪ್ಪು ಕಾಲದಿಂದ ಬಂದ ಕಸುಬು ಅಂತ ಹೇಳುತ್ತಾರೆ. ಹಳೆ ರಸ್ತೆಯಲ್ಲಿ ಹೋಗುವವರು ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಮಗುವಿಗೊಂದು ಬುಗುರಿ ಕೊಳ್ಳುತ್ತಿದ್ದರು. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೂ ಹಾಗೇ ದಾರಿಹೋಕರು ನುಗ್ಗುತ್ತಿದ್ದರು. ಬೈಪಾಸ್ ಆದ ಮೇಲೆ ಗೊಂಬೆ ಅಂಗಡಿಗಳ, ಮದ್ದೂರಿನ ಹೋಟೆಲುಗಳ ವ್ಯಾಪಾರ ಬಿದ್ದುಹೋಯಿತು. ಊರೊಳಗೆ ಓಡಾಡುವ ಮಕ್ಕಳಿಗೆ ಹೊಗೆ, ಹಾರ್ನು, ಲಾರಿಗಳ ಕಾಟ ತಪ್ಪಿದ್ದೂ ನಿಜ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಬರುವುದಿಲ್ಲ. ನಾನು ಮಾಡುವುದು ಇಷ್ಟು. ಆಸ್ಪತ್ರೆಗೋ ಏರ್‌ಪೋರ್ಟಿಗೋ ಅವಸರ ಇದ್ದರೆ ಬೈಪಾಸ್. ಇಲ್ಲವಾದರೆ ಚನ್ನಪಟ್ಟಣದೊಳಗೆ ಇಳಿಯುತ್ತೇನೆ. ಹಳೆ ರಸ್ತೆ ಈಗ ಎಷ್ಟು ಹಾಯಾಗಿದೆ ಅಂದರೆ, ಊರಿನ ಮುಖ ನೋಡಿಕೊಂಡು ಹೋಗಬಹುದು.

ಇದನ್ನೆಲ್ಲ ಈಗ ಹೇಳುತ್ತಿರುವುದಕ್ಕೆ ಕಾರಣ ಇದೆ. ಇದೇ 275ರ ಮುಂದಿನ ಭಾಗ, ಮೈಸೂರಿಂದ ಕುಶಾಲನಗರದವರೆಗೆ ಸುಮಾರು 92 ಕಿಲೋಮೀಟರ್ ನಾಲ್ಕು ಪಥದ ರಸ್ತೆಗೂ ಅದೇ 2023ರ ಮಾರ್ಚ್ 12ರಂದು ಶಂಕುಸ್ಥಾಪನೆ ಆಯಿತು. ಅದು ಹೋಗುವುದು ಹೊಗೆಸೊಪ್ಪಿನ ಹೊಲಗಳ ಸೀಮೆಯಲ್ಲಿ. ಅಲ್ಲೂ ದನ ಇವೆ, ಹಳ್ಳ ಇವೆ, ಆ ಕಡೆ ಮನೆ ಈ ಕಡೆ ಹೊಲ ಇರುವವರು ಇದ್ದಾರೆ. ನಮ್ಮ ನೂರಾ ಹದಿನೆಂಟು ಕಿಲೋಮೀಟರಿನ ಅನುಭವ ಅವರಿಗೆ ಮುಟ್ಟಬೇಕು. ನಿಮ್ಮಲ್ಲಿ ಸಿವಿಲ್ ಓದುವ ಮಕ್ಕಳಿದ್ದರೆ ರಜೆಯಲ್ಲಿ ಹುಣಸೂರು ಕಡೆ ಹೋಗಿ. ಬೆಳಿಗ್ಗೆ ಎಂಟು ಗಂಟೆಗೆ, ಸಂಜೆ ಐದು ಗಂಟೆಗೆ ಯಾರು ಎಲ್ಲಿ ದಾಟುತ್ತಾರೆ ಅಂತ ಒಂದು ವಾರ ಬರೆದುಕೊಳ್ಳಿ. ಸ್ಯಾಟಲೈಟ್ ಚಿತ್ರದಲ್ಲಿ ಕಾಲುದಾರಿ ಕಾಣಬಹುದು, ಆದರೆ ಅದರಲ್ಲಿ ನಡೆಯುವವರು ಎಷ್ಟು ಹೊತ್ತಿಗೆ ಏನು ಹೊತ್ತುಕೊಂಡು ಬರುತ್ತಾರೆ ಅಂತ ಕಾಣುವುದಿಲ್ಲ.

ಮಾತು ಮುಗಿದ ಮೇಲೆ ನಡೆದದ್ದನ್ನೂ ಇಲ್ಲಿ ಸೇರಿಸುತ್ತೇನೆ. ಮೊದಲು ಕೈ ಎತ್ತಿದ್ದವರಲ್ಲಿ ಒಬ್ಬರು ಹಿರಿಯರು ಎದ್ದು ನಿಂತರು. "ಸಾ, ನಮ್ ಹೊಲ ಆ ಕಡೆಗದೆ. ಮೊದ್ಲು ಗೊಬ್ರದ ಗಾಡಿ ಹೊಡ್ಕೊಂಡು ಒಂದು ಬೀಡಿ ಸೇದೋಷ್ಟರಲ್ಲಿ ಹೋಗ್ತಿದ್ದೆ. ಈಗ ಅಂಡರ್‌ಪಾಸ್ ಸುತ್ಕೊಂಡು ಹೋಗ್ಬೇಕು. ಅಷ್ಟು ದೂರ ಎತ್ತು ನಡೀತವೆ, ನಂಗೇ ಆಗಾಕಿಲ್ಲ," ಅಂದರು. ಹಾಗಾದರೆ ಏನು ಮಾಡಿದಿರಿ ಅಂತ ಕೇಳಿದೆ. "ಆ ಕಡೆಯವನೊಬ್ಬಂದು ಹೊಲ ಈ ಕಡೆಗದೆ. ಅವನದ್ನ ನಾನು ನೋಡ್ಕೋತೀನಿ, ನಂದ್ನ ಅವ್ನು ನೋಡ್ಕೋತಾನೆ," ಅಂದು ಕೂತುಕೊಂಡರು.